ಬಿಡ್ರಿ ಅಂದೆ, ಬಿಟ್ಟರು

ನನ್ನ ಮಂಡಿನೋವಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅದು ಬಹಳ ಶಿಸ್ತಿನ ನೋವು. ಕುಂದಗೋಳದ ಬಜಾರಿನಲ್ಲಿರುವ ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತಾಗ ಬರುವುದಿಲ್ಲ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಹಿಡಿಯಲು ಓಡುವಾಗಲೂ ಬರುವುದಿಲ್ಲ. ವರ್ಷಕ್ಕೊಮ್ಮೆ, ಪಂಚಮಿ ಹಬ್ಬದ ಮುಂಚೆ, ಉಂಡಿ ಕಟ್ಟುವ ಅಗಲ ತಟ್ಟೆ ಪರಾತ ಮತ್ತು ದೊಡ್ಡ ಡಬ್ಬಿಗಳನ್ನು ಅಟ್ಟದಿಂದ ಇಳಿಸಬೇಕೆಂದು ನನ್ನ ಹೆಂಡತಿ ಗಿರಿಜಾ ಹೇಳಿದ ಕ್ಷಣದಲ್ಲಿ ಮಾತ್ರ ತಪ್ಪದೆ ಬರುತ್ತದೆ! ಹೀಗಾಗಿ ಇಪ್ಪತ್ತೆರಡು ವರ್ಷಗಳಿಂದ ಅವಳು ಸ್ಟೂಲಿನ ಮೇಲೆ, ನಾನು ಸ್ಟೂಲು ಹಿಡಿದು ಕೆಳಗೆ. ಸಂಸಾರ ಸುಖವಾಗಿತ್ತು.

ಅದನ್ನು ಕೆಡಿಸಿದ್ದು ನನ್ನ ಬಾಯಿ.

ಸೈನ್ಯದಿಂದ ನಿವೃತ್ತರಾಗಿ ಊರಿಗೆ ಮರಳಿದ ಸುಬೇದಾರ ಕಾಕಾ, ಸ್ಟೇಷನ್ ಹತ್ತಿರದ ಹಳೆಯ ಹತ್ತಿ ಗೋದಾಮಿನೊಳಗೆ ಬಂಡೆ ಏರುವುದನ್ನು ಕಲಿಸಲು ಒಂದು ಗೋಡೆ ಎಬ್ಬಿಸಿದ್ದರು. ಮೂವತ್ತು ಅಡಿ ಎತ್ತರದ ಹಲಗೆಯ ಗೋಡೆ. ಅದರ ತುಂಬ ಕೆಂಪು, ಹಳದಿ, ಹಸಿರು ಹಿಡಿಕೆಗಳು. ತುದಿಯಲ್ಲಿ ಒಂದು ಹಿತ್ತಾಳೆ ಗಂಟೆ. ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿಗೆ ಚೀಲ ಹೊಲಿಸಬೇಕೆಂದು ದಪ್ಪ ಬಟ್ಟೆ ಕೊಳ್ಳಲು ಅವರು ನಮ್ಮ ಅಂಗಡಿಗೆ ಬಂದರು.

"ಸಾವಕಾರ್ರ, ನೀವೂ ಒಂದ್ಸಲ ಬಂದು ಏರಿ ನೋಡ್ರಿ," ಎಂದರು.

"ನಮಗೇನ್ ಹೊಸದ್ರೀ ಕಾಕಾ? ಹುಣಸಿ ಗಿಡದ ಮ್ಯಾಲ ಬೆಳದಾವ್ರು ನಾವು! ನಿಮ್ಮ ಗ್ವಾಡಿ ನನಗ ಮನಿ ಮೆಟ್ಟಲಾ ಇದ್ದಂಗ!"

ಹಿಂದುಗಡೆ ಸೀರೆ ಮಡಚುತ್ತಿದ್ದ ಗಿರಿಜಾಳ ಕೈ ನಿಂತಿತು. "ಮೂವತ್ತ ಫೂಟ್ ಏರವ್ರಿಗೆ ನಮ್ಮ ಮನಿ ಅಟ್ಟ ಏರಾಕ ಏನ್ರೀ ಧಾಡಿ?"

ನಾನು ತಕ್ಷಣ ಮಂಡಿ ಮುಟ್ಟಿಕೊಂಡೆ. ತಡವಾಗಿತ್ತು! ಕಾಕಾನ ಎದುರಿಗೇ ಪಂದ್ಯ ಗೊತ್ತಾಯಿತು. ಬರುವ ರವಿವಾರ, ಅಂಗಡಿಯ ಸೂಟಿಯ ದಿನ, ಇಬ್ಬರೂ ಗೋದಾಮಿಗೆ ಹೋಗುವುದು. ನಾನು ಗಂಟೆ ಬಾರಿಸಿದರೆ ಅಟ್ಟದ ಸುದ್ದಿಯನ್ನು ಅವಳು ಜನ್ಮದಲ್ಲಿ ಎತ್ತುವಂತಿಲ್ಲ. ನನ್ನಿಂದಾಗದೆ ಅವಳು ಬಾರಿಸಿದರೆ, ಈ ಪಂಚಮಿಯಿಂದ ಅಟ್ಟ ನನ್ನದು. ಉಭಯ ಪಕ್ಷಗಳೂ ಸುಬೇದಾರರ ಸಮಕ್ಷಮ ಒಪ್ಪಿದವು.

ರವಿವಾರ ಬೆಳಿಗ್ಗೆ ಕಾಕಾ ನನ್ನ ಕಾಲಿಗೆ ಒಂದು ಜೋಡಿ ಬೂಟು ತೊಡಿಸಿದರು. ಒಂದೊಂದರೊಳಗೂ ನನ್ನ ಐದೈದು ಬೆರಳುಗಳು ಕೂಡುಕುಟುಂಬದಂತೆ ಒಂದೇ ಕೋಣೆಯಲ್ಲಿ ಇರಬೇಕಾಯಿತು. ಸೊಂಟ ಮತ್ತು ತೊಡೆಗಳಿಗೆ ಪಟ್ಟಾ ಬಿಗಿದರು. ಹೊಟ್ಟೆ ಮೇಲಕ್ಕೆ ಬಂತು. ಹಗ್ಗದ ಒಂದು ತುದಿಯನ್ನು ನನಗೆ ಕಟ್ಟಿ, ಮೇಲಿನ ಕೊಂಡಿಯಿಂದ ಇಳಿದು ಬಂದ ಇನ್ನೊಂದು ತುದಿಯನ್ನು ತಾವು ಹಿಡಿದು ನಿಂತರು.

"ಕೈಲೆ ಜಗ್ಗಬ್ಯಾಡ್ರಿ, ಕಾಲ್ಲೆ ಏರ್ರಿ. ಮೂರ ಸಲ ಅವಕಾಶ. ದಣಿವಾತಂದ್ರ 'ಹಿಡೀರಿ' ಅನ್ರಿ, ಹಗ್ಗ ಬಿಗಿ ಮಾಡತೀನಿ. ಇಳೀಬೇಕಂದ್ರ 'ಬಿಡ್ರಿ' ಅನ್ರಿ, ಇಳಸತೀನಿ. ಬಿಡು ಅನ್ರಿ, ಬಿಡ್ರಿ ಅನ್ರಿ, ನನಗ ಎರಡೂ ಒಂದ. ಆರ್ಡರ್ ಅಂದ್ರ ಆರ್ಡರ್!"

"ಅಷ್ಟೇನಾ?" ಎಂದು ನಾನು ನಕ್ಕೆ. ಮೂವತ್ತು ವರ್ಷ ಅಂಗಡಿಯಲ್ಲಿ ಕೂತ ಮನುಷ್ಯ ದಿನಕ್ಕೆ ಎಷ್ಟು ಸಲ 'ಬಿಡ್ರಿ' ಅನ್ನುತ್ತಾನೆ ಎಂಬ ಲೆಕ್ಕ ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮೊದಲ ಸಲ ಬಹಳ ಠೀವಿಯಿಂದ ಹೊರಟೆ. ಎಡಗೈ ಕೆಂಪಿಗೆ, ಬಲಗಾಲು ಹಳದಿಗೆ. ಎಂಟು ಅಡಿ ಏರಿರಬೇಕು. ಕೆಳಗಿನಿಂದ ಕಾಕಾ ಕಾಳಜಿಯಿಂದ ಕೇಳಿದರು, "ಸಾವಕಾರ್ರ, ಪಟ್ಟಾ ಭಾಳ ಬಿಗಿ ಆತೇನು?"

"ಏ, ಇರ್ಲಿ ಬಿಡ್ರಿ!"

ಸುಂಯ್ ಎಂದು ಹಗ್ಗ ಇಳಿಯಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ನಾನು ಗಾದಿಯ ಮೇಲೆ ಕೂತಿದ್ದೆ. ಅಂಗಡಿಯ ಗಾದಿಯಲ್ಲ, ಬಿದ್ದವರಿಗೆಂದು ಗೋಡೆಯ ಬುಡದಲ್ಲಿ ಹಾಸಿದ್ದ ಗೋದಾಮಿನ ಗಾದಿ.

"ಯಾಕ್ರೀ ಕಾಕಾ, ಇಳಿಸಿದ್ರಿ?"

"ನೀವ ಬಿಡ್ರಿ ಅಂದ್ರಿ."

ಎರಡನೆಯ ಸಲ ಹಲ್ಲು ಕಚ್ಚಿ ಏರಿದೆ. ಅರ್ಧ ಗೋಡೆ ದಾಟಿದೆ. ಕಾಲುಗಳು ಹೊಲಿಗೆ ಮಷೀನಿನಂತೆ ನಡುಗುತ್ತಿದ್ದವು, ಆದರೂ ಗಂಟೆ ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ನೋಡಲು ಬಂದವರ ನಡುವಿನಿಂದ ನಮ್ಮ ಕಾಯಂ ಗಿರಾಕಿ ಶಾಂತವ್ವನ ಧ್ವನಿ ಕೇಳಿತು. "ಸಾವಕಾರ್ರ, ಆ ಹಸರ ಖಣ ನನಗ ಭಾಳ ಸೇರೇತ್ರಿ. ನಾ ಕೇಳಿದ ರೇಟಿಗೇ ಕೊಡ್ರಲಾ!"

ಗೋಡೆಗೆ ಅಂಟಿಕೊಂಡ ಮನುಷ್ಯನನ್ನು ಯಾರಾದರೂ ಖಣದ ದರ ಕೇಳುತ್ತಾರೆಯೇ? ಆದರೆ ವ್ಯಾಪಾರಿಯ ನಾಲಿಗೆ ಮಾಲಕನ ಅಪ್ಪಣೆಗೆ ಕಾಯುವುದಿಲ್ಲ.

"ನಿಮ್ಮ ಮಾತಿಗೆ ಆಗ್ಲಿ ಬಿಡ್ರಿ!"

ಸುಂಯ್! ಖಣವೂ ಹೋಯಿತು, ಹದಿನೆಂಟು ಅಡಿಯೂ ಹೋಯಿತು. ಶಾಂತವ್ವ ಮಾತ್ರ ಬಹಳ ಸಂತೋಷಪಟ್ಟಳು.

ಉಳಿದದ್ದು ಒಂದೇ ಅವಕಾಶ. ನನಗೆ ನಿಜಕ್ಕೂ ಭಯವಾಯಿತು. ಎತ್ತರದ ಭಯವಲ್ಲ, ಅಟ್ಟದ ಭಯ. ಅಲ್ಲಿಯ ಜೇಡರ ಬಲೆ, ಕತ್ತಲೆ, ನನ್ನ ಮದುವೆಯಲ್ಲಿ ಉಡುಗೊರೆ ಬಂದ ಹದಿನಾಲ್ಕು ಸ್ಟೀಲ್ ಡಬ್ಬಿಗಳು, ಎಲ್ಲ ಕಣ್ಣ ಮುಂದೆ ಬಂದವು. ಏನೇ ಆಗಲಿ, ಈ ಸಲ ಯಾರು ಕರೆದರೂ ಓ ಅನ್ನುವುದಿಲ್ಲ ಎಂದು ನಿಶ್ಚಯಿಸಿ ಕೈಗೆ ಪುಡಿ ಹಚ್ಚಿಕೊಂಡೆ.

ಏರಿದೆ. ಕಾಕಾ ಹೇಳಿದಂತೆ ಕಾಲಿನಿಂದಲೇ ಏರಿದೆ. ಇಪ್ಪತ್ತು ಅಡಿ. ಇಪ್ಪತ್ತೈದು. ಒಬ್ಬರು ಅಂಗಡಿಯ ಹೆಸರು ಹೇಳಿ ಕೂಗಿದರು. ನಾನು ತುಟಿ ಬಿಚ್ಚಲಿಲ್ಲ. ಗಂಟೆಯ ಮೇಲಿನ ಧೂಳು ಕಾಣಿಸುವಷ್ಟು ಹತ್ತಿರ ಬಂದೆ. ಇನ್ನೊಂದು ಗೇಣು! ಕೈ ಚಾಚಿದೆ.

ಆಗ ಕೆಳಗಿನಿಂದ ಗಿರಿಜಾ ಇಡೀ ಗೋದಾಮಿಗೆ ಕೇಳುವಂತೆ ಹೇಳಿದಳು. "ಯಪ್ಪಾ, ಎಷ್ಟ್ ಛಂದ ಏರಿದ್ರೀ! ನಮ್ಮ ಮನ್ಯಾವ್ರಂಥಾ ಗಂಡಸು ಕುಂದಗೋಳ ತಾಲೂಕಿನಾಗ ಇಲ್ಲ ನೋಡ್ರಿ!"

ಇಪ್ಪತ್ತೆರಡು ವರ್ಷ! ಈ ಇಪ್ಪತ್ತೆರಡು ವರ್ಷಗಳಲ್ಲಿ ಅವಳು ನನ್ನನ್ನು ನಾಲ್ಕು ಜನರ ಎದುರಿಗೆ ಹೊಗಳಿದ್ದು ಅದೇ ಮೊದಲು. ಎದೆ ತುಂಬಿ ಬಂತು, ಕಣ್ಣೂ ಒದ್ದೆಯಾಯಿತು. ಹೊಗಳಿದಾಗ ಸುಮ್ಮನಿರುವುದು ನಮ್ಮ ಕಡೆ ಮರ್ಯಾದೆಯಲ್ಲ. ಗಂಟೆಯಿಂದ ಮುಖ ತಿರುಗಿಸಿ, ನಾಚಿ, ವಿನಯದಿಂದ ಹೇಳಿದೆ.

"ಏ, ಅದೇನ್ ದೊಡ್ಡದು ಬಿಡು!"

ಸುಂಯ್.

ಕೆಳಗೆ ತಲುಪಿದಾಗ ಗಿರಿಜಾ ಆಗಲೇ ಪಟ್ಟಾ ಬಿಗಿದುಕೊಂಡು, ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಸುತ್ತಿ ಸಿದ್ಧಳಾಗಿದ್ದಳು. ಅವಳು ಏರಿದ್ದನ್ನು ನಾನು ಸುಳ್ಳಿಲ್ಲದೆ ಹೇಳಬೇಕು. ಅವಸರವಿಲ್ಲ, ಮಾತಿಲ್ಲ. ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು, ಒಂದು ಕೈಯಲ್ಲಿ ಅಟ್ಟ ಹಿಡಿದು, ಇನ್ನೊಂದು ಕೈಯಲ್ಲಿ ಪರಾತ ಎಳೆಯುವ ಅದೇ ಹದ. ಇಪ್ಪತ್ತೆರಡು ವರ್ಷ ಅವಳಿಗೆ ತಾಲೀಮು ಕೊಟ್ಟವನು ನಾನೇ! ಗಂಟೆಯನ್ನು ಢಣಢಣ ಬಾರಿಸಿದಳು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು. ಸೋತದ್ದು ಆ ಕ್ಷಣಕ್ಕೆ ಮರೆತೇ ಹೋಗಿತ್ತು.

ಅವಳು ಮರೆತಿರಲಿಲ್ಲ. ಅಲ್ಲಿಯೇ ಹಗ್ಗಕ್ಕೆ ಜೋತುಕೊಂಡು ಕೂತಳು.

"ಇಳಸ್ಲೇನ್ ತಂಗಿ?" ಎಂದರು ಕಾಕಾ.

"ತಡೀರಿ ಕಾಕಾ. ಈ ಪಂಚಮಿಗೆ ಅಟ್ಟ ಏರತೀನಿ ಅಂತ ಇವರು ಮದ್ಲ ಎಲ್ಲಾರ ಮುಂದ ಹೇಳ್ಲಿ."

"ಮಂಡಿ..." ಎಂದು ಶುರು ಮಾಡಿದೆ. ಇಡೀ ಗೋದಾಮು ಈಗಷ್ಟೇ ಮೂರು ಸಲ ಗೋಡೆ ಏರಿದ ನನ್ನ ಮಂಡಿಯನ್ನು ನೋಡಿತು. "ಏರತೀನವಾ, ಏರತೀನಿ!" ಎಂದೆ.

"ಹಂಗಾರ ಬಿಡ್ರಿ," ಎಂದಳು. ರಾಣಿಯಂತೆ ಇಳಿದಳು.

ಪಂಚಮಿಗೆ ನಾಲ್ಕು ದಿನ ಮುಂಚೆ ನಾನು ಸ್ಟೂಲು ಏರಿದೆ. ಗಿರಿಜಾ ಸ್ಟೂಲು ಹಿಡಿದಿದ್ದಳು. ಹದಿಮೂರು ಡಬ್ಬಿಗಳನ್ನು ಒಂದೊಂದಾಗಿ ಕೆಳಗೆ ಕೊಟ್ಟೆ. ಒಳಗಿನಿಂದ ಪರಾತ ಎಳೆಯುವಾಗ ಅವಳು, "ಭಾಳ ಛಲೋ ಇಳಿಸಿದ್ರಿ," ಎಂದಳು. ನಾನು ಬಾಯಿ ಮುಚ್ಚಿಕೊಂಡೆ. ಇನ್ನು ಈ ಮನುಷ್ಯ ಮೋಸ ಹೋಗುವವನಲ್ಲ! ಒಳಗೊಳಗೇ ಗೆದ್ದೆನೆಂದು ಬೀಗುತ್ತ ಕೊನೆಯ ಡಬ್ಬಿಗೆ ಕೈ ಚಾಚಿದೆ.

ಸ್ವಲ್ಪ ಹೊತ್ತಿಗೆ ಅವಳೆಂದಳು, "ಲಗೂನ ಇಳೀರಿ. ಸ್ಟೂಲ ಹಿಡದು ಹಿಡದು ಕೈ ನೋಯಾಕತ್ತಾವು."

ಎಷ್ಟೆಂದರೂ ಕಟ್ಟಿಕೊಂಡ ಹೆಂಡತಿ. ಕರುಳು ಚುರ್ ಎಂದಿತು.

"ಅಯ್ಯ, ನೋಯಾಕತ್ತಿದ್ರ ಬಿಡು!"

ಬಿಟ್ಟಳು. ಸ್ಟೂಲು ವಾಲಿತು, ನಾನು ಡಬ್ಬಿಯ ಸಮೇತ ಬಿದ್ದೆ. ಆದರೆ ನೆಲ ಮೆತ್ತಗಿತ್ತು. ಸ್ಟೂಲಿನ ಸುತ್ತ, ಗೋದಾಮಿನಲ್ಲಿ ಗಾದಿ ಹಾಸಿದಂತೆ, ನಾಲ್ಕು ಕೌದಿಗಳನ್ನು ಮಡಚಿ ಹಾಸಲಾಗಿತ್ತು; ಡಬ್ಬಿ ಇಡಲಿಕ್ಕೆಂದು ನಾನು ತಿಳಿದಿದ್ದೆ. ಅವಳು ಅವನ್ನು ಬೆಳಿಗ್ಗೆಯೇ ಹಾಸಿಟ್ಟಿದ್ದಳು.