ಗಾಜಿನ ಕಿಟಕಿಯ ಸಂಸಾರ

ಬಾಯಿ ತುಂಬ ಬನ್ನು ಇಲ್ಲದೇ ಹೋಗಿದ್ದರೆ ಫೋಟೋದವನು ಸುಳ್ಳು ಹೇಳುತ್ತಲೇ ಇರಲಿಲ್ಲ. ಹೇಳಿದ್ದೂ ಅಲ್ಲ, ತಲೆಯಾಡಿಸಿದ್ದು ಅಷ್ಟೆ. ಮುಚ್ಚಿ ಧೂಳು ಹಿಡಿದಿದ್ದ ಸ್ಟುಡಿಯೋ ಒಂದನ್ನು ಕೊಂಡು ಈ ಬೀದಿಗೆ ಬಂದ ಹೊಸದರಲ್ಲಿ, ಯಾರೂ ಒಯ್ಯದೆ ಒಳಗೆ ಬಿದ್ದಿದ್ದ ದೊಡ್ಡ ಫೋಟೋವನ್ನು ಒರೆಸಿ ಮುಂದಿನ ಗಾಜಿನ ಕಿಟಕಿಯಲ್ಲಿ ಇಟ್ಟಿದ್ದ. ಕುರ್ಚಿಯಲ್ಲಿ ನಗುತ್ತಿರುವ ಅಜ್ಜಿ, ಅವಳ ಹೆಗಲ ಮೇಲೆ ಕೈಯಿಟ್ಟ ಮಗಳು, ಕಾಲ ಬಳಿ ಎರಡು ಮಕ್ಕಳು. ಎದುರಿನ ಬೇಕರಿಯವನು "ನಿಮ್ಮ ಮನೆಯವರಾ?" ಎಂದಾಗ ಬಾಯಲ್ಲಿ ಅವನದೇ ಬನ್ನಿತ್ತು. ತಲೆ ತಾನಾಗಿ ಆಡಿತು.

ಅದೇ ಸಂಜೆ ಸ್ಟುಡಿಯೋ ಮೇಲಿನ ಮನೆಯ ಒಡತಿ ಇಳಿದು ಬಂದಳು. ಹಿಂದೆ ಮುಂದೆ ಯಾರೂ ಇಲ್ಲದವರಿಗೆ ಕೋಣೆ ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದವಳು ಅವಳು. "ಇವರು ಯಾರು ನಿಮಗೆ?" ಎಂದಳು. "ಅಮ್ಮ. ಅಕ್ಕ" ಎಂದ. ಅನಾಥಾಲಯದಲ್ಲಿ ಬೆಳೆದವನಿಗೆ ಆ ಎರಡು ಮಾತು ಹೇಳುವಾಗ ನಾಲಿಗೆ ಸ್ವಲ್ಪ ತೊಡರಿತು. ಒಡತಿ ಬೀಗದ ಕೈ ಕೊಟ್ಟಳು.

ಅಲ್ಲಿಂದ ಮುಂದೆ ಅಮ್ಮನಿಗೆ ಮಂಡಿನೋವು, ಅಕ್ಕನ ಮಕ್ಕಳಿಗೆ ಪರೀಕ್ಷೆ, ಹೀಗೆ ಏನೇನೋ ಹೆಣೆಯುತ್ತ ಹೋದ. ಹೆಣೆಯುತ್ತ ಅವನಿಗೇ ಅರ್ಧ ನಂಬಿಕೆ ಬಂದುಬಿಟ್ಟಿತ್ತು. ಬೆಳಿಗ್ಗೆ ಗಾಜು ಒರೆಸುವಾಗ ಯಾರೂ ನೋಡದಂತೆ "ಮಂಡಿ ಹೇಗಿದೆಯಮ್ಮ?" ಎಂದು ಕೇಳುವಷ್ಟು.

ಇವತ್ತು ಹಾಗೆ ಕೇಳಿ ಒಳಗೆ ಹೋಗಿದ್ದನೋ ಇಲ್ಲವೋ, ಬೀದಿಯಿಂದ ಬೇಕರಿಯವನ ಕೂಗು ಕೇಳಿತು. "ರೀ ಫೋಟೋದವರೇ, ಅಕ್ಕ ಬಂದಿದ್ದಾರೆ ನೋಡಿ!"

ಕಿಟಕಿಯ ಮುಂದೆ, ಫೋಟೋದಲ್ಲಿದ್ದ ಮಗಳೇ ಕೈಚೀಲ ಹಿಡಿದು ನಿಂತಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು, ಮುಖ ಅದೇ. ಫೋಟೋದವನು ಒಂದೇ ನೆಗೆತಕ್ಕೆ ಹೊರಬಂದು ಅವಳನ್ನು ಒಳಗೆ ಕರೆದು, ಪರದೆಯ ಹಿಂದೆ ಕೈ ಜೋಡಿಸಿದ.

"ಒಂದು ಗಂಟೆ ನನ್ನ ಅಕ್ಕ ಆಗಿಬಿಡಿ. ಇಲ್ಲದಿದ್ರೆ ನನ್ನ ಕೋಣೆ ಹೋಗುತ್ತೆ, ಮರ್ಯಾದೆ ಹೋಗುತ್ತೆ."

"ನಾನು ಬಂದಿರೋದು ಫೋಟೋ ತಗೊಂಡು ಹೋಗೋಕೆ. ತೆಗೆಸಿದ ವಾರವೇ ಊರು ಬಿಟ್ವಿ, ಒಯ್ಯೋಕೇ ಆಗಿರಲಿಲ್ಲ."

"ಕೊಡ್ತೀನಿ. ಖಂಡಿತ ಕೊಡ್ತೀನಿ. ಅಲ್ಲೀವರೆಗೆ ಅಕ್ಕ!"

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಕ್ಕ ಅಂದ ಮೇಲೆ ಬೈಬಹುದು ತಾನೆ? ಅಂಗಿ ಗುಂಡಿ ಹಾಕ್ಕೊ ಮೊದಲು."

ಅಷ್ಟರಲ್ಲಿ ಅಂಗಡಿ ತುಂಬಿತು. ಒಡತಿ ಮೇಲಿನಿಂದ ಇಳಿದು ಬಂದಳು, ಬೇಕರಿಯವನು ಬಿಸಿ ಬ್ರೆಡ್ಡು ತಂದ. ಪಕ್ಕದ ದರ್ಜಿ ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದು, "ನಿಮ್ಮ ತಮ್ಮ ಚಿಕ್ಕವರಿದ್ದಾಗ ಹೇಗಿದ್ರು, ಸ್ವಲ್ಪ ಹೇಳಿ" ಎಂದು ಸ್ಟೂಲು ಎಳೆದುಕೊಂಡ.

"ಮಹಾ ತುಂಟ" ಎಂದಳು ಅಕ್ಕ.

"ಬಹಳ ಸಾಧು" ಎಂದ ಫೋಟೋದವನು, ಅದೇ ಉಸಿರಿನಲ್ಲಿ.

ದರ್ಜಿ ಕೆಮ್ಮಿ ಗೋಡೆ ನೋಡಿದ. ಒಡತಿ ಮಾತ್ರ ವಕೀಲರ ಹಾಗೆ ಗಂಟಲು ಸರಿಮಾಡಿಕೊಂಡಳು. "ಅದಿರಲಿ, ನಿಮ್ಮಮ್ಮ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ" ಎಂದ ಫೋಟೋದವನು.

"ತೀರಿಹೋದ್ರು" ಎಂದಳು ಅಕ್ಕ.

ಬೇಕರಿಯವನ ಕೈಯಲ್ಲಿದ್ದ ಬ್ರೆಡ್ಡು ಹಾಗೇ ನಿಂತಿತು.

"ಹೋದ ತಿಂಗಳು" ಎಂದಳು ಅವಳು ತಗ್ಗಿದ ದನಿಯಲ್ಲಿ. "ನಗ್ತಾ ಇರೋ ಫೋಟೋ ಇದೊಂದೇ. ಅದಕ್ಕೇ ಬಂದೆ."

ಈಗ ಏನಾದರೂ ಹೇಳಿ ಪಾರಾಗಬೇಕಿತ್ತು. ಆದರೆ ಫೋಟೋದವನ ಕಣ್ಣು ಕಿಟಕಿಯತ್ತ ಹೋಯಿತು. ಬೆಳಿಗ್ಗೆ ತಾನೆ ಮಂಡಿ ಕೇಳಿದ್ದ. ಒಂದು ತಿಂಗಳಿಂದ ಇಲ್ಲದವಳ ಮಂಡಿ ವಿಚಾರಿಸುತ್ತಿದ್ದೆನಲ್ಲ ಎನ್ನಿಸಿದ್ದೇ ತಡ, ಅಳು ಒತ್ತರಿಸಿಕೊಂಡು ಬಂತು. ನಾಟಕವಲ್ಲ, ಮೂಗು ಸೋರುವ ಅಳು. ಒಡತಿ ಅವನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ದರ್ಜಿ ಜೇಬಿನಲ್ಲಿ ಕರವಸ್ತ್ರ ಸಿಗದೆ, ಯಾರದೋ ಕುಪ್ಪಸಕ್ಕೆ ಕತ್ತರಿಸಿದ್ದ ತುಂಡನ್ನೇ ಕೊಟ್ಟ. ಅಕ್ಕನೂ ಅತ್ತಳು, ಉಳಿದವರೂ ಅತ್ತರು. ತನ್ನ ಅಮ್ಮನಿಗಾಗಿ ಇಷ್ಟು ಜನ ಕೂಡಿ ಅಳುವುದನ್ನು ಅವಳು ಇದೇ ಮೊದಲು ನೋಡುತ್ತಿದ್ದಳು.

ಮಧ್ಯಾಹ್ನದ ಬಸ್ಸಿಗೆ ಅವಳು ಹೊರಟಾಗ ಫೋಟೋ ಅವಳ ಚೀಲದಲ್ಲಿತ್ತು. "ಬರ್ತೀನಿ ಕಣೋ, ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು, ಮೂಲೆ ತಿರುಗುವ ತನಕ ಕೈಬೀಸಿದಳು.

ಖಾಲಿ ಕಿಟಕಿಯ ಮುಂದೆ ಫೋಟೋದವನಿಗೆ ತಡೆಯಲಾಗಲಿಲ್ಲ. "ಅಮ್ಮಾವ್ರೇ, ಅವರು ನನ್ನ ಅಕ್ಕ ಅಲ್ಲ. ನನಗೆ ಯಾರೂ ಇಲ್ಲ. ನಾಳೆನೇ ಕೋಣೆ ಖಾಲಿ ಮಾಡ್ತೀನಿ."

ಮೂವರೂ ಮುಖ ಮುಖ ನೋಡಿಕೊಂಡರು.

"ಅಯ್ಯೋ ಪೆದ್ದಪ್ಪ" ಎಂದಳು ಒಡತಿ. "ನೀನು ಬರೋ ಮುಂಚೆ ವರ್ಷಗಟ್ಟಲೆ ಆ ಫೋಟೋ ಇದೇ ಕಿಟಕಿಯಲ್ಲಿತ್ತು, ಅಂಗಡಿ ಮುಚ್ಚಿದಾಗಲೇ ಒಳಗೆ ಹೋದದ್ದು. ನಿನಗಿಂತ ಹಿಂದಿನವನು ಅವಳನ್ನ ಹೆಂಡ್ತಿ ಅಂದಿದ್ದ. ಅವನಿಗಿಂತ ಹಿಂದಿನವನು ನಾದಿನಿ ಅಂದಿದ್ದ. ನೀನೊಬ್ಬ ಅಕ್ಕ ಅಂದೆ. ಮಾನವಂತ ಅಂತ ಕೋಣೆ ಕೊಟ್ಟೆ."

"ಹಾಗಾದ್ರೆ ಬೆಳಿಗ್ಗೆ ಅಷ್ಟೊಂದು ಪ್ರಶ್ನೆ?"

"ಸುಮ್ನೆ ತಮಾಷೆಗೆ" ಎಂದ ದರ್ಜಿ.

"ಆಮೇಲೆ ಅತ್ತಿದ್ದು?"

"ನೀನು ಅಳ್ತಾ ಇದ್ರೆ ನಾವು ಬ್ರೆಡ್ಡು ತಿಂತಾ ನಿಂತಿರೋದಾ?" ಎಂದ ಬೇಕರಿಯವನು. "ಈಗ ಕಿಟಕಿ ಬೋಳಾಯ್ತು. ನಮ್ಮದೇ ಒಂದು ಹಾಕು. ನಾವೇನು ಮನೆಯವರಲ್ವಾ?"

ಫೋಟೋದವನು ದರ್ಜಿ ಕೊಟ್ಟಿದ್ದ ಬಟ್ಟೆ ತುಂಡಿನಲ್ಲೇ ಮತ್ತೆ ಮೂಗು ಒರೆಸಿಕೊಂಡ. ಈ ಸಲ ಸಂತೋಷಕ್ಕೆ. ಒಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರನ್ನು ಹಿಂದೆ ನಿಲ್ಲಿಸಿ, ಪಕ್ಕದಲ್ಲಿ ತನಗೊಂದು ಜಾಗ ಬಿಟ್ಟು, ಕ್ಯಾಮೆರಾದ ಟೈಮರ್ ಒತ್ತಿ ಓಡಿದ. ದೀಪದ ವೈರು ಕಾಲಿಗೆ ತೊಡರಿತು. ಕ್ಯಾಮೆರಾ ಕ್ಲಿಕ್ ಎಂದಾಗ ಅವನು ನೆಲದಲ್ಲಿದ್ದ. ಇನ್ನೊಂದು ತೆಗೆಯೋಣವೆಂದರೆ, "ಇದರಲ್ಲಿ ನಾನು ಎಷ್ಟು ಚೆನ್ನಾಗಿ ಬಂದಿದ್ದೀನಿ, ಇದೇ ಇರಲಿ" ಎಂದು ಒಡತಿ ಎದ್ದುಬಿಟ್ಟಳು.

ಸಂಜೆ ಬಂದ ಹೊಸ ಗಿರಾಕಿ ಕಿಟಕಿ ನೋಡಿ ಕೇಳಿದ. "ನಿಮ್ಮ ಮನೆಯವರಾ?"

ಫೋಟೋದವನ ಬಾಯಲ್ಲಿ ಬನ್ನಿತ್ತು. ಹೆಮ್ಮೆಯಿಂದ ತಲೆಯಾಡಿಸಿದ.

"ನೀವೆಲ್ಲಿ ಇದರಲ್ಲಿ?"

ಫೋಟೋದ ಕೆಳಮೂಲೆಯಲ್ಲಿ ಒಂದು ಚಪ್ಪಲಿಯ ಅಡಿ ಕಾಣುತ್ತಿತ್ತು. ಅವನು ಅದನ್ನು ಬೆರಳು ಮಾಡಿ ತೋರಿಸಿದ.

"ಸುಳ್ಳು ಹೇಳೋಕೂ ಒಂದು ಮಿತಿ ಬೇಡವೇನ್ರಿ" ಎಂದು ಗಿರಾಕಿ ಬೇರೆ ಸ್ಟುಡಿಯೋ ಹುಡುಕಿಕೊಂಡು ಹೋದ.