ರಾಹುಕಾಲಕ್ಕೆ ಕಾಯದ ಸಮುದ್ರ

ಚಾಮರಾಜಪೇಟೆ, ಬೆಂಗಳೂರು
ಫೆಬ್ರವರಿ 2002

ಗಾಂಧಿ ಬಜಾರಿನ ಸುಮುಹೂರ್ತ ಟೂರ್ಸ್ ಮಾಲೀಕರೂ, ಪಂಚಾಂಗ ಪ್ರವೀಣರೂ, ಪ್ರವಾಸಿಗಳ ಯೋಗಕ್ಷೇಮವನ್ನು ಸ್ವಂತ ಬೊಜ್ಜಿನಂತೆ ಹೊತ್ತು ತಿರುಗುವವರೂ ಆದ ಶ್ರೀಮಾನ್ ಏಕಾಂತಯ್ಯನವರ ಸನ್ನಿಧಾನಕ್ಕೆ,

ಮಾನ್ಯರೇ,

ನಾನು ಕ್ಷೇಮ. ಅಂಡಮಾನಿನಿಂದ ಬಂದು ವಾರ ಕಳೆದರೂ ನನ್ನ ಕೋಪವೂ ಕ್ಷೇಮವಾಗಿದೆ ಎಂದು ತಿಳಿಸಲು ಸಂತೋಷಪಡುತ್ತೇನೆ.

ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಮೇಡಂ ಆಗಿ, ಬೋರ್ಡಿನ ಮೇಲೆ ಸೀಮೆಸುಣ್ಣದ ದ್ವೀಪ ಬರೆದು ಬರೆದು ಕೈ ಸವೆಸಿಕೊಂಡ ನಾನು, ಒಂದು ಸಲ, ಒಂದೇ ಒಂದು ಸಲ, ಕಯಾಕ್ ಎಂಬ ಆ ಸಪೂರ ದೋಣಿಯಲ್ಲಿ ಕೂತು ಕೈಯಾರೆ ಹುಟ್ಟು ಹಾಕಬೇಕೆಂಬ ಆಸೆಯಿಂದಲೇ ತಮ್ಮ ಪ್ರವಾಸಕ್ಕೆ ಸೇರಿದ್ದು. ಅದಕ್ಕಾಗಿ ಬಸವನಗುಡಿಯ ಈಜುಕೊಳದಲ್ಲಿ, ನನ್ನದೇ ಶಾಲೆಯ ಹುಡುಗಿಯರು ಕಿಸಿಕಿಸಿ ನಗುತ್ತಿದ್ದರೂ, ಸೊಂಟಕ್ಕೆ ಟ್ಯೂಬು ಸಿಕ್ಕಿಸಿಕೊಂಡು ಈಜು ಕಲಿತೆ. ಮಾನ ಮರ್ಯಾದೆ ಕ್ಲೋರಿನ್ ನೀರಿನಲ್ಲಿ ಕರಗಿಹೋಯಿತು, ಈಜು ಮಾತ್ರ ಬಂತು.

ತಮ್ಮ ಏರ್ಪಾಟನ್ನು ಎಷ್ಟು ಹೊಗಳಿದರೂ ಸಾಲದು. ಅಡುಗೆಯವರು, ಅವರ ಹಂಡೆ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಎಲ್ಲವೂ ನಮಗಿಂತ ಮೊದಲೇ ಹಡಗು ಹತ್ತಿದ್ದವು. ಅಲ್ಲಿ ಶುಕ್ರವಾರ ಬೆಳಗ್ಗೆ ಸಮುದ್ರದ ಹಿನ್ನೀರು ತುಂಬಿ ತುಳುಕುತ್ತಿತ್ತು, ದೋಣಿಗಳು ಸಾಲಾಗಿ ಕಾಯುತ್ತಿದ್ದವು, ನಾನು ಚೂಡಿದಾರದ ಮೇಲೆ ಲೈಫ್ ಜಾಕೆಟ್ ಬಿಗಿದು ಒಂದು ಕಾಲನ್ನು ದೋಣಿಯೊಳಗೆ ಇಟ್ಟೂ ಆಗಿತ್ತು. ಅಷ್ಟರಲ್ಲಿ ತಾವು ಜೇಬಿನಿಂದ ಪಂಚಾಂಗ ತೆಗೆದು, ರಾಹುಕಾಲ ಬಂತೆಂದು ಸಾರಿ, ನಮ್ಮನ್ನೆಲ್ಲ ತೆಂಗಿನ ಮರದಡಿ ಕೂರಿಸಿ ಉಪ್ಪಿಟ್ಟು ಹಾಕಿಸಿದಿರಿ. ನೀರು ಇಳಿಯುತ್ತದೆ, ಈಗಲೇ ಹೊರಡಿ ಎಂದು ದೋಣಿಯವರು ಬಡಕೊಂಡರು. ಅವರ ಕೈಗೂ ಒಂದೊಂದು ತಟ್ಟೆ ಕೊಟ್ಟು ಬಾಯಿ ಮುಚ್ಚಿಸಿದಿರಿ.

ರಾಹುಕಾಲ ಮುಗಿಯಿತು, ಸಮುದ್ರವೂ ಮುಗಿದಿತ್ತು! ಕಣ್ಣು ಹಾಯಿಸಿದಷ್ಟು ದೂರ ಬರೀ ಕೆಸರು, ಅದರಲ್ಲಿ ಓಡಾಡುವ ಏಡಿಗಳು, ದಡದಲ್ಲಿ ಹೊಟ್ಟೆ ತುಂಬಿದ ನಾವು. ತಾವಾದರೋ ಚೂರೂ ವಿಚಲಿತರಾಗದೆ, ಆಯುಧಪೂಜೆಗೆ ಸ್ಕೂಟರಿಗೆ ಮಾಡುವಂತೆ ದೋಣಿಗಳಿಗೆ ಕುಂಕುಮ ಹಚ್ಚಿ, ಮುಂದೆ ನಿಂಬೆಹಣ್ಣು ಇಟ್ಟು, ಇನ್ನು ಹೊರಡಬಹುದು ಎಂದು ಅಪ್ಪಣೆ ಕೊಟ್ಟಿರಿ. ಹೊರಡುವುದು ಎಲ್ಲಿಗೆ ಸ್ವಾಮಿ? ಚಂದ್ರನಿಂದಲೇ ಸಮುದ್ರ ಏರುವುದು ಇಳಿಯುವುದು ಎಂದು ಏಳನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವವಳು ನಾನು. ತಾವು ಅದೇ ಪಂಚಾಂಗದಲ್ಲಿ ತಿಥಿಯ ಕಡೆಗೂ ಒಂದು ಕಣ್ಣು ಹಾಯಿಸಬಹುದಿತ್ತು. ಅಂದು ನಾನು ಮರದ ಹಿಂದೆ ಹೋಗಿ ಅತ್ತೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ. ಬಂಗಾಳ ಕೊಲ್ಲಿಗೆ ಖುದ್ದಾಗಿ ಒಂದು ಪಂಚಾಂಗ ತಲುಪಿಸಿ, ದಿನವೂ ರಾಹುಕಾಲ ಕಳೆಯುವವರೆಗೆ ಅದು ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳಬೇಕು. ಬೇಕಾದರೆ ಅದಕ್ಕೂ ಉಪ್ಪಿಟ್ಟು ಕೊಡಿ. ಒಪ್ಪದಿದ್ದರೆ ಚಂದ್ರನನ್ನು ಗಾಂಧಿ ಬಜಾರಿನ ಆಫೀಸಿಗೆ ಕರೆಸಿ ನಾಲ್ಕು ಬುದ್ಧಿಮಾತು ಹೇಳಿ. ಅದೂ ಆಗದೆಂದರೆ ಲಾಲ್‌ಬಾಗ್ ಕೆರೆಗೆ ಉಪ್ಪುನೀರು ತುಂಬಿಸಿ, ನಡುವೆ ಒಂದು ದ್ವೀಪ ಮಾಡಿಸಿಕೊಡಿ; ಮಾವಳ್ಳಿ ಕಡೆಯ ಗೇಟಿನಿಂದ ನಡೆದೇ ಬರುತ್ತೇನೆ.

ಇನ್ನೂ ಸಿಟ್ಟು ಆರದ,
ತಮ್ಮ ವಿಶ್ವಾಸಿ,
ಚೂಡಾಮಣಿ

ವಿ.ಸೂ.: ಮರುದಿನ, ಶನಿವಾರ, ರಾಹುಕಾಲ ಕಳೆಯಲೆಂದು ತಾವು ಹೋಟೆಲಿನ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದಾಗ ನಾನು ಕಯಾಕ್ ಹತ್ತಿ, ಮನಸ್ಸು ತಣಿಯುವಷ್ಟು ಹುಟ್ಟು ಹಾಕಿ ಬಂದೆ. ಅದು ಇಬ್ಬರು ಕೂರುವ ದೋಣಿ. ಮುಂದಿನ ಸೀಟಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನನಗಿಂತ ಜೋರಾಗಿ ಹುಟ್ಟು ಹಾಕಿದವರು ತಮ್ಮ ಧರ್ಮಪತ್ನಿ ಗುರುಬಸಮ್ಮನವರು. ಇದನ್ನು ಪತ್ರದಲ್ಲಿ ಬರೆಯಲೇ ಎಂದು ಕೇಳಿದ್ದಕ್ಕೆ, ದಪ್ಪಕ್ಷರದಲ್ಲಿ ಬರೆಯಿರಿ ಎಂದರು.