ಹಣೆಯ ಮೇಲೆ ಐದು ತಿಂಗಳ ಸಂಶೋಧನೆ

ನಾಸಿಕ್‌ನ ಅಂಬಡ್‌ನಲ್ಲಿ ವಿದ್ಯುತ್ ಸ್ವಿಚ್ಚು ಮಾಡುವ ಕಾರ್ಖಾನೆಯೊಂದಿದೆ. ಅಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಸ್ಟೋರ್ ಕೀಪರ್. ಒಂದು ವಾಷರ್ ಕೂಡ ನನ್ನ ಕಣ್ಣು ತಪ್ಪಿಸಿ ಆಚೆ ಹೋಗುವಂತಿಲ್ಲ. ಸ್ಟೋರಿನ ಬಾಗಿಲಿಗೆ ನಾನೇ ಬರೆದು ತೂಗುಹಾಕಿದ ಫಲಕವೊಂದಿದೆ: ‘ಲೇಬಲ್ ಓದದೆ ಯಾವ ವಸ್ತುವನ್ನೂ ಮುಟ್ಟಬಾರದು.’ ಮರಾಠಿಯಲ್ಲೂ ಬರೆದಿದ್ದೇನೆ, ಹಿಂದಿಯಲ್ಲೂ ಬರೆದಿದ್ದೇನೆ. ಕನ್ನಡದಲ್ಲಿ ಬರೆದಿಲ್ಲ. ಅಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ. ನನಗೆ ಹೇಳುವ ಅಗತ್ಯವೇನಿತ್ತು!

ನಮ್ಮದು ಬೀದರ್ ಕಡೆಯ ಮನೆತನ. ಒಬ್ಬಳೇ ಮಗಳು, ನೀಲಾ. ಸಂಭಾಜಿನಗರದ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಾಳೆ. ಅವಳೊಂದು ಪುಡಿ ತಯಾರಿಸುತ್ತಾಳೆ. ಅದನ್ನು ನೀರಿಗೆ ಹಾಕಿ ಬಿಸಿಲಿಗಿಟ್ಟರೆ ನೀರಿನಿಂದ ಹೈಡ್ರೋಜನ್ ಹೊರಡುತ್ತದಂತೆ. ಮುಂದೆ ಅದರಿಂದ ಗಾಡಿ ಓಡುತ್ತದಂತೆ. ಪುಡಿ ಮಾತ್ರ ತಾನು ಖರ್ಚಾಗುವುದಿಲ್ಲವಂತೆ. ಇತರರಿಂದ ಕೆಲಸ ಮಾಡಿಸಿ ತಾನು ಎಳ್ಳಷ್ಟೂ ಸವೆಯದ ಇಂಥ ವಸ್ತುವಿಗೆ ವೇಗವರ್ಧಕ ಎನ್ನುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ಮ್ಯಾನೇಜರ್ ಎನ್ನುತ್ತೇವೆ.

ಈ ಪುಡಿಯ ದೆಸೆಯಿಂದ ಮಗಳು ಮನೆಗೆ ಬರುವುದೇ ಅಪರೂಪವಾಯಿತು. ಯಾವಾಗ ಫೋನ್ ಮಾಡಿದರೂ ಒಂದೇ ಮಾತು: “ಅಪ್ಪಾ, ಪುಡಿ ಸುಡೂ ಭಟ್ಟಿ ಚಾಲೂ ಅದ, ಆಮ್ಯಾಲ ಮಾತಾಡ್ತೀನಿ.” ಅವಳ ಹಳೆಯ ಚಪ್ಪಲಿಗಳನ್ನು ನಾವು ಬಾಗಿಲ ಬಳಿಯೇ ಬಿಟ್ಟಿದ್ದೇವೆ. ಸಂಜೆ ಕೆಲಸದಿಂದ ಬಂದಾಗ ಅವು ಕಂಡರೆ ಒಂದು ಕ್ಷಣ ಮಗಳು ಒಳಗಿದ್ದಾಳೆ ಅನ್ನಿಸುತ್ತದೆ. ಆ ಒಂದು ಕ್ಷಣಕ್ಕಾಗಿ ನನ್ನ ಹೆಂಡತಿ ಸುವರ್ಣಾ ಅವನ್ನು ವಾರಕ್ಕೊಮ್ಮೆ ಒರೆಸಿಡುತ್ತಾಳೆ.

ದೀಪಾವಳಿಗೆ ಇನ್ನೂ ಮೂರು ವಾರವಿದ್ದಾಗ ನೀಲಾ ಒಂದು ದಿನದ ಮಟ್ಟಿಗೆ ಬಂದಳು. ಐದು ತಿಂಗಳು ದುಡಿದು ಮಾಡಿದ ಪುಡಿಯಲ್ಲಿ ಅರ್ಧವನ್ನು ನಾಸಿಕ್‌ನ ಕಾಲೇಜೊಂದಕ್ಕೆ ಪರೀಕ್ಷೆಗೆ ಕೊಡುವುದಿತ್ತು. ಉಳಿದರ್ಧದ ಗಾಜಿನ ಬಾಟಲಿಯನ್ನು ತಾಯಿಯ ಕೈಗಿಟ್ಟು, “ಅವ್ವಾ, ಇದಕ್ಕ ನೀರು ತಾಗಬಾರದು, ಎಂಜಲ ಕೈ ತಾಗಬಾರದು, ಚೊಕ್ಕ ಜಾಗಾದಾಗ ಇಡು” ಎಂದಳು. ಮರುದಿನ ಬಸ್ಸಿನ ಗಡಿಬಿಡಿಯಲ್ಲಿ ಅದನ್ನು ಮರೆತೇ ಹೋದಳು.

ನೀರು, ಎಂಜಲು ಎರಡೂ ಸುಳಿಯದ ಜಾಗ ನಮ್ಮ ಮನೆಯಲ್ಲಿ ಇರುವುದು ಒಂದೇ. ದೇವರ ಜಗಲಿ. ಸುವರ್ಣಾ ಬಾಟಲಿಯನ್ನು ಅಲ್ಲೇ ಇಟ್ಟಿದ್ದಳು. ನನಗೆ ಹೇಳಿರಲಿಲ್ಲ.

ಅದೇ ಹೊತ್ತಿಗೆ ಮನೆಯ ವಿಭೂತಿ ಗಟ್ಟಿ ತೀರಿತ್ತು. ಭಾಲ್ಕಿಯಲ್ಲಿರುವ ನನ್ನ ಮೈದುನ ಹೊಸದನ್ನು ಕಳಿಸುತ್ತೇನೆಂದು ಹೇಳಿ ತಿಂಗಳಾಗಿತ್ತು. ಬೆಳಿಗ್ಗೆ ಸ್ನಾನ ಮಾಡಿ ಬಂದವನು ನೋಡುತ್ತೇನೆ, ಜಗಲಿಯ ಮೇಲೆ ಬೂದು ಬಣ್ಣದ ನುಣುಪಾದ ಪುಡಿ! ಬಾಟಲಿಗೆ ಲೇಬಲ್ ಇತ್ತು. ಕನ್ನಡಕ ಇರಲಿಲ್ಲ. ಅಂಗಡಿಯ ಹೆಸರಿರಬೇಕೆಂದುಕೊಂಡು ಮೂರು ಬೆರಳು ಅದ್ದಿ ಹಣೆಗೆ ಎಳೆದೆ. ಆಹಾ! ರೇಷ್ಮೆ!

“ಏ ಸುವರ್ಣಾ, ನಿನ್ನ ತಮ್ಮ ಸುಧಾರಿಸ್ಯಾನ ನೋಡು. ಭಾಳ ಛಲೋ ಮನಷ್ಯಾ!”

ಅಡುಗೆಮನೆಯಿಂದ ಉತ್ತರವೇ ಬರಲಿಲ್ಲ. ಯಾಕೆಂದು ಎಲ್ಲ ಬಯಲಾದ ಮೇಲೆ ಅವಳೇ ಹೇಳಿದಳು: “ಲಗ್ನ ಆದಾಗಿಂದ ಮೊದಲ ಸಲ ನನ್ನ ತಮ್ಮಗ ಛಲೋ ಅಂದೀರಿ. ಯಾಕಂತ ಕೇಳಿ ಕೆಡಸಬಾರದಂತ ಸುಮ್ನಾದೆ!”

ಹೀಗೆ ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಮೈದುನನ ನಿಜವಾದ ವಿಭೂತಿ ಗಟ್ಟಿ ಬಂತು. ನಾನು ಅದನ್ನೂ ಬಾಟಲಿಯನ್ನೂ ನೋಡುತ್ತ ನಿಂತಿದ್ದಾಗಲೇ ನೀಲಾಳ ಫೋನು.

“ಅಪ್ಪಾ, ನನ್ನ ಪುಡಿ ಮನ್ಯಾಗೇ ಉಳದದ. ಗುರುವಾರ ಅದರ ಟೆಸ್ಟ್ ಅದ, ನೀನೇ ತರ್ತಿ? ಟೆಸ್ಟ್ ಮುಗೀತಂದ್ರ ಶುಕ್ರವಾರ ನಿನ್ನ ಜೋಡಿನೇ ಮನಿಗಿ ಬರ್ತೀನಿ. ದೀಪಾವಳಿಗಿ ಎಂಟು ದಿನ ಇರ್ತೀನಿ!”

ಎಂಟು ದಿನ! ಕಿವಿಗೆ ತಂಪಾಯಿತು. ಆಮೇಲೆ ಕನ್ನಡಕ ಹಾಕಿಕೊಂಡು ಲೇಬಲ್ ಓದಿದೆ. ಮೈಯೆಲ್ಲ ತಂಪಾಯಿತು. ಮಗಳ ಹೆಸರು, ಒಂದು ಅಂಕಿ, ಅರ್ಥವಾಗದ ನಾಲ್ಕು ಇಂಗ್ಲಿಷ್ ಅಕ್ಷರ. ಬಾಟಲಿಯಲ್ಲಿ ಉಳಿದದ್ದು ಕಾಲು ಭಾಗ. ಖರ್ಚೇ ಆಗದ ಪುಡಿಯನ್ನು ಒಂಬತ್ತು ದಿನದಲ್ಲಿ ಖರ್ಚು ಮಾಡಿದ ಜಗತ್ತಿನ ಮೊದಲ ಮನುಷ್ಯ ನಾನೇ ಇರಬೇಕು!

ಅಲ್ಲಿಗಾದರೂ ಸುಮ್ಮನಿರಬಹುದಿತ್ತು. ಆದರೆ ಮುಕ್ಕಾಲು ಖಾಲಿ ಬಾಟಲಿ ನೋಡಿದರೆ ಮಗಳು ಅತ್ತುಬಿಟ್ಟಾಳೆಂಬ ಹೆದರಿಕೆ ಒಂದು ಕಡೆ, ಸರಕು ಕಡಿಮೆ ಬಿದ್ದರೆ ತಡೆಯಲಾಗದ ಸ್ಟೋರ್ ಕೀಪರನ ಚಟ ಇನ್ನೊಂದು ಕಡೆ. ಶುಂಠಿ ತುರಿಯುವ ತುರಿಮಣೆಯಲ್ಲಿ ಹೊಸ ವಿಭೂತಿ ತುರಿದೆ. ತೆಳುವಾದ ಬಟ್ಟೆಯಲ್ಲಿ ಸೋಸಿದೆ. ಬಾಟಲಿ ತುಂಬಿ ಚೆನ್ನಾಗಿ ಅಲ್ಲಾಡಿಸಿದೆ. ಯಾರಿಗೂ ಗೊತ್ತಾಗುವಂತಿರಲಿಲ್ಲ. ಶಿವನೇ ಮಾಡಿದ ಪುಡಿಗೆ ವಿಜ್ಞಾನ ಏನು ಮಾಡೀತು ಎಂಬ ಧೈರ್ಯವೂ ಇತ್ತು!

ಬರುವಾಗಿನ ಬಸ್ಸಿಗೆ ಎರಡು ಸೀಟು ಕಾಯ್ದಿರಿಸಿ ಸಂಭಾಜಿನಗರಕ್ಕೆ ಹೊರಟೆ. ಅಲ್ಲಿಯ ನಿಲ್ದಾಣದಲ್ಲಿ ಕನ್ನಡ ಎಂಬ ಹೆಸರಿನ ತಾಲ್ಲೂಕು ಊರಿಗೆ ಹೋಗುವ ಬಸ್ಸು ನಿಲ್ಲುತ್ತದೆ. ಕಂಡಕ್ಟರ್ “ಕನ್ನಡ, ಕನ್ನಡ!” ಎಂದು ಕೂಗಿದಾಗಲೆಲ್ಲ ಯಾರೋ ನಮ್ಮವರು ಕರೆದಂತಾಗಿ ತಿರುಗಿ ನೋಡುತ್ತೇನೆ. ಪ್ರತಿ ಸಲವೂ ಬಸ್ಸೇ ಇರುತ್ತದೆ. ಈ ಸಲ ಬಸ್ಸಿನ ಪಕ್ಕ ನೀಲಾ ನಿಂತಿದ್ದಳು. ಸೊರಗಿದ್ದಳು. ನನ್ನನ್ನು ನೋಡುವ ಮೊದಲು ಬಾಟಲಿ ನೋಡಿದಳು. ಅದಕ್ಕೆ ನಾನು ಅರ್ಹನೇ.

ಗುರುವಾರ ಪ್ರಯೋಗಾಲಯದ ಮೂಲೆಯ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು. ಗಾಜಿನ ಪಾತ್ರೆಗೆ ನೀರು ಹಾಕಿ, ಪುಡಿ ಹಾಕಿ, ಸೂರ್ಯನಂಥದೇ ಪ್ರಖರ ದೀಪ ಹೊತ್ತಿಸಿದರು. ಹೈಡ್ರೋಜನ್ ಹೊರಟರೆ ಪರದೆಯ ಮೇಲಿನ ಗೆರೆ ಮೇಲೇರಬೇಕು. ಅರ್ಧ ಗಂಟೆಯಾಯಿತು. ಗೆರೆ ಮಲಗಿತ್ತು. ಒಂದು ಗಂಟೆಯಾಯಿತು. ಗೆರೆ ಗಾಢ ನಿದ್ರೆಯಲ್ಲಿತ್ತು. ನೀರು ಮಾತ್ರ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು.

ನೀಲಾಳ ಗೈಡ್ ಮೇಡಂ ಮರಾಠಿಯವರು, ಹಣ್ಣುಗೂದಲಿನ ಸಮಾಧಾನದ ಹೆಂಗಸು. ಅವರೂ ಹುಬ್ಬು ಗಂಟಿಕ್ಕಿದರು. ನೀಲಾ ನನ್ನ ಬಳಿ ಬಂದು ಮರಾಠಿ ಬೆರೆತ ಕನ್ನಡದಲ್ಲಿ ಮೆಲ್ಲಗೆ, “ಅಪ್ಪಾ, ನಾನೇ ಎಲ್ಲೋ ಚುಕಲೆ, ತಪ್ಪಿದೆ. ಐದು ಮಹಿನೆ ವ್ಯರ್ಥ ಆತು. ನನಗಿದು ಆಗಂಗಿಲ್ಲ, ಬಿಟ್ಟುಬಿಡ್ತೀನಿ” ಎಂದಳು. ಕಣ್ಣು ತುಂಬಿತ್ತು.

“ನಿಂದೇನೂ ತಪ್ಪಿಲ್ಲವ್ವಾ” ಎಂದು ಎದ್ದು ನಿಂತೆ. ಜಗಲಿ, ಬೆರಳು, ಹಣೆ, ತುರಿಮಣೆ ಎಲ್ಲವನ್ನೂ ಒಪ್ಪಿಕೊಂಡೆ. ಮೇಡಂಗೆ ತಿಳಿಯಲೆಂದು ಮರಾಠಿಯಲ್ಲಿ ಇನ್ನೊಮ್ಮೆ ಒಪ್ಪಿಕೊಂಡೆ. ಮರಾಠಿಯಲ್ಲಿ ಅದು ಇನ್ನೂ ಹೀನಾಯವಾಗಿ ಕೇಳಿಸಿತು.

ಮೊದಲು ನಕ್ಕವರು ಮೇಡಂ. ಕುರ್ಚಿ ಹಿಡಿದುಕೊಂಡು ನಕ್ಕರು. ನೀಲಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

“ಅಪ್ಪಾ! ನೀ ಸ್ಕೂಟರ್ ಮ್ಯಾಲ ಅಂಬಡ್‌ಗಿ ಹೋಗಾಗ ಬಿಸಲ ಇತ್ತು, ಬೆವರ ಇತ್ತು, ಹಣಿ ಮ್ಯಾಲ ಪುಡಿನೂ ಇತ್ತು. ದಾರಿ ತುಂಬ ಹೈಡ್ರೋಜನ್ ಬಿಡ್ಕೋತ ಹೋಗಿದಿ!”

“ಗಾಡಿ ಸ್ವಲ್ಪ ಹಗುರಾಗಿ ಓಡ್ತಿತ್ತು, ಖರೇ” ಎಂದೆ.

“ಖರೆ ಅಪ್ಪಾ, ಉಳಿದಷ್ಟೇ ತಂದಿದ್ರೂ ಸಾಕಿತ್ತು. ಟೆಸ್ಟಿಗಿ ಬೇಕಾಗೂದು ಒಂದು ಚಿಟಿಕಿ.”

ನಾನು ಸ್ಟೂಲಿನ ಮೇಲೆ ಮತ್ತೆ ಕುಳಿತೆ. ಹಣೆಗೆ ಹಚ್ಚಿದ್ದು ಅರಿಯದೆ ಆದ ತಪ್ಪು. ತುಂಬಿಸಿದ್ದು ಬುದ್ಧಿವಂತಿಕೆ. ಕೆಲಸ ಕೆಡಿಸಿದ್ದು ಬುದ್ಧಿವಂತಿಕೆಯೇ!

ನಾಸಿಕ್‌ನ ಕಾಲೇಜಿಗೆ ಕೊಟ್ಟ ಅರ್ಧ ಅಲ್ಲಿಯ ಪರೀಕ್ಷೆಗಳಲ್ಲೇ ಮುಗಿದಿತ್ತು, ಹೊಸ ಪುಡಿ ಮಾಡಬೇಕು. ಈಗ ದಾರಿ ಗೊತ್ತಿರುವುದರಿಂದ ಐದು ತಿಂಗಳು ಬೇಡ, ಐದು ವಾರ ಸಾಕಂತೆ. ಆದರೆ ಭಟ್ಟಿಯನ್ನು ನಾಳೆಯೇ ಹೊತ್ತಿಸಬೇಕು. ದೀಪಾವಳಿ? ಅವಳಿಗೆ ಭಟ್ಟಿಯ ಮುಂದೆಯೇ. ಕೆಟ್ಟ ಪುಡಿಯ ಬಾಟಲಿಯನ್ನು ಮಾತ್ರ, ಎಸೆಯಬೇಡ, ನನಗೆ ಕೊಡು ಎಂದು ಬೇಡಿದೆ. ಅದರಲ್ಲಿ ಅವಳ ಐದು ತಿಂಗಳಿತ್ತು. ಅವಳು ಬಿರಟೆಗೆ ಬಿಗಿಯಾಗಿ ಟೇಪು ಸುತ್ತಿ, ಹೊಸ ಲೇಬಲ್ ಅಂಟಿಸಿ, ಚೀಲದಲ್ಲಿಟ್ಟಳು.

ಶುಕ್ರವಾರದ ಬಸ್ಸಿನಲ್ಲಿ ಕಂಡಕ್ಟರ್ ಎರಡನೆಯ ಸೀಟಿನವರೆಲ್ಲಿ ಎಂದು ಮರಾಠಿಯಲ್ಲಿ ಕೇಳಿದ. ಬರುವುದಿಲ್ಲ ಎಂದೆ. ಆ ಸೀಟಿನ ಮೇಲೆ ಚೀಲ ಇಟ್ಟುಕೊಂಡು ನಾಸಿಕ್‌ವರೆಗೂ ಕೈ ತೆಗೆಯದೆ ಕುಳಿತೆ.

ಸುವರ್ಣಾ ಬಾಗಿಲಲ್ಲೇ ನಿಂತಿದ್ದಳು. ನನ್ನ ಹಿಂದೆ ನೋಡಿದಳು. ಬೀದಿ ನೋಡಿದಳು. “ಹಬ್ಬಕ್ಕ ಮಗಳಿಗಿ ಕರಕೊಂಡು ಬರ್ರಿ ಅಂದ್ರ ಬಾಟ್ಲಿ ತಂದೀರಲ್ರೀ!” ಎಂದವಳು, ಅದನ್ನು ಇಸಿದುಕೊಂಡು ಸೆರಗಿನಿಂದ ಒರೆಸಿ, ಮತ್ತೆ ಜಗಲಿಯ ಮೇಲೇ ಇಟ್ಟಳು.

ಮರುದಿನ ಸ್ನಾನ ಮಾಡಿ ಬಂದು, ಮೊದಲು ಕನ್ನಡಕ ಹಾಕಿಕೊಂಡು ಲೇಬಲ್ ಓದಿದೆ. ಸೊಟ್ಟಸೊಟ್ಟ ಕನ್ನಡ ಅಕ್ಷರ. ನೀಲಾ ಚಿಕ್ಕವಳಿದ್ದಾಗ ನಮ್ಮವ್ವ ಪರಾತದ ಅಗಲ ತಟ್ಟೆಯಲ್ಲಿ ಜೋಳದ ಹಿಟ್ಟು ಹರಡಿ ಅವಳ ಬೆರಳು ಹಿಡಿದು ತಿದ್ದಿಸಿದ ಅವೇ ಅಕ್ಷರ. ಮರೆತಿದ್ದಾಳೆಂದು ತಿಳಿದಿದ್ದೆ.

‘ಅಪ್ಪಾ, ಇದು ವಿಭೂತಿ ಅಲ್ಲ.’

ದಿನವೂ ಓದುತ್ತೇನೆ. ಬಾಗಿಲ ಬಳಿ ಆ ಚಪ್ಪಲಿಗಳು ಹಾಗೆಯೇ ಇವೆ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ನನ್ನ ಸ್ಟೋರಿನ ಫಲಕ, ಕನ್ನಡದಲ್ಲಿ ಬೇಕಾಗಿದ್ದ ಒಬ್ಬನೇ ಒಬ್ಬನಿಗೆ ಕಡೆಗೂ ಕನ್ನಡದಲ್ಲಿ ತಲುಪಿತು.